ಕೀಟನಾಶಕ ಮತ್ತು ನಮ್ಮ ನರಗಳು



ನರವು ಸ್ನಾಯುವಿಗೆ ಸಂದೇಶ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಮುಗಿದೊಡನೆ ಒಂದು ಕಿಣ್ವವು ಅದನ್ನು ಒಡೆಯುತ್ತದೆ. ಕ್ವಿನಾಲ್‌ಫಾಸ್, ಕ್ಲೋರ್‌ಪೈರಿಫಾಸ್‌ನಂತಹ ರಂಜಕಯುಕ್ತ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಸಂದೇಶ ನಿಲ್ಲದೆ ಹರಿದು ಸ್ನಾಯುಗಳು ಸೋಲುತ್ತವೆ. ಕೀಟ ಸಾಯುವುದು ಹೀಗೆ. ಮನುಷ್ಯನಿಗೂ ಇದೇ ಅಪಾಯ.

ಈ ವಿಷ ಚರ್ಮದ ಮೂಲಕವೂ ಒಳಸೇರುತ್ತದೆ. ಸಿಂಪಡಿಸುವವರಲ್ಲಿ ವಿಪರೀತ ಬೆವರು, ಜೊಲ್ಲು, ವಾಂತಿ, ಮಾಂಸಖಂಡಗಳ ಅದುರುವಿಕೆ ಕಂಡುಬಂದರೆ, ಕಣ್ಣಿನ ಪಾಪೆ ಕಿರಿದಾದರೆ, ಬಿಸಿಲಿನ ಆಯಾಸವೆಂದು ಕಡೆಗಣಿಸಬಾರದು. ಉಸಿರಾಟವೇ ನಿಲ್ಲಬಹುದು. ಕೂಡಲೇ ನೆನೆದ ಬಟ್ಟೆ ತೆಗೆದು, ಸೋಪಿನಿಂದ ಮೈ ತೊಳೆದು, ಡಬ್ಬಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಒಯ್ಯಬೇಕು. ವಿಷ ಯಾವುದೆಂದು ತಿಳಿದರೆ ವೈದ್ಯರು ಅಟ್ರೋಪಿನ್ ಚುಚ್ಚುಮದ್ದನ್ನು ತಡವಿಲ್ಲದೆ ಕೊಡಬಲ್ಲರು. ಆದ್ದರಿಂದ ಚೀಟಿಯನ್ನು ಎಂದೂ ಕೀಳಬೇಡಿ. ಔಷಧಿಯನ್ನು ಬೇರೆ ಬಾಟಲಿಗೆ ಸುರಿದಿಡಬೇಡಿ.