ಅನೂಬಿಸನ ಗುಡಿ

ಈಜಿಪ್ಟ್ ದೇಶದ ದೇವಾಲಯಗಳೆಂದರೆ ನಮ್ಮಲ್ಲಿ ಅನೇಕರಿಗೆ ಭಾರಿ ಕಂಬಗಳ ನೆನಪಾಗುತ್ತದೆ. ಇಂದು ನಾವು ಒಂದು ಚಿಕ್ಕ ಗುಡಿಯ ವಿಚಾರವನ್ನು ಕುರಿತು ಮಾತನಾಡೋಣ.

ನೈಲ್ ನದಿಯ ಪಶ್ಚಿಮಕ್ಕೆ, ಲಕ್ಸರ್ ಪಟ್ಟಣದ ಎದುರು ದಡದಲ್ಲಿ, ಕಡಿದಾದ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಅಂತಸ್ತು ಅಂತಸ್ತಾಗಿ ಏರುವ ದೇವಾಲಯವೊಂದಿದೆ. ಆ ಸ್ಥಳಕ್ಕೆ ದೇರ್ ಎಲ್-ಬಹರಿ ಎಂದು ಹೆಸರು. ಕ್ರಿಸ್ತಪೂರ್ವ 15ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಹಟ್‌ಷೆಪ್ಸುಟ್. ಆಕೆ ರಾಣಿಯೆನಿಸಿಕೊಂಡು ತೃಪ್ತಳಾಗದೆ ರಾಜನ ಬಿರುದುಗಳನ್ನೇ ಧರಿಸಿ ಸುಮಾರು 20 ವರ್ಷ ರಾಜ್ಯಭಾರ ಮಾಡಿದಳು.

ಈ ದೇವಾಲಯದ ನಡು ಅಂತಸ್ತಿನ ಉತ್ತರದ ಕೊನೆಯಲ್ಲಿ ಅನೂಬಿಸನ ಗುಡಿಯುಂಟು. ನರಿಯ ಮುಖದ ಈ ದೇವತೆ ಶವಸಂಸ್ಕಾರಕ್ಕೆ ಅಧಿದೇವತೆ; ಶ್ಮಶಾನಗಳ ಕಾವಲುಗಾರ. ಗುಡಿಯ ಮುಂದೆ 12 ಕಂಬಗಳ ಮಂಟಪ. ಮೇಲೆ ನಕ್ಷತ್ರಗಳನ್ನು ಬರೆದ ಮಾಳಿಗೆ. ಸುಮಾರು 3,500 ವರ್ಷಗಳು ಕಳೆದರೂ ಗೋಡೆಗಳ ಬಣ್ಣ ಇನ್ನೂ ಕಳೆಗುಂದಿಲ್ಲ.

ಆ ಗೋಡೆಯೊಂದರ ಮೇಲೆ ಅನೂಬಿಸ ಪೀಠದಲ್ಲಿ ಕುಳಿತಿದ್ದಾನೆ. ಅವನ ಮುಂದೆ ನೈವೇದ್ಯ ರಾಶಿರಾಶಿಯಾಗಿ ಬಿದ್ದಿದೆ. ಆದರೆ ಅದನ್ನು ಅರ್ಪಿಸಿದವಳು ಅಲ್ಲಿಲ್ಲ. ಆಕೆ ನಿಂತಿದ್ದ ಸ್ಥಳದಲ್ಲಿ ಕೆತ್ತಿ ಕಳೆದ ಕಲ್ಲು ಮಾತ್ರ ಕಾಣುತ್ತದೆ. ಅದೇ ಮಂಟಪದಲ್ಲಿ ಆಕೆಯ ಮಲಮಗನಾದ ಮೂರನೆಯ ಥುಟ್‌ಮೋಸನು ಸೋಕರ್ ದೇವನಿಗೆ ಮದ್ಯವನ್ನು ಅರ್ಪಿಸುವ ಚಿತ್ರ ಮುಕ್ಕಾಗದೆ ಉಳಿದಿದೆ.

ಹಟ್‌ಷೆಪ್ಸುಟ್ ತೀರಿಕೊಂಡು ಸುಮಾರು 20 ವರ್ಷಗಳಾದ ಮೇಲೆ, ಈ ಥುಟ್‌ಮೋಸನ ಆಳ್ವಿಕೆಯಲ್ಲಿಯೇ, ಆಕೆಯ ರೂಪವನ್ನೂ ಹೆಸರನ್ನೂ ಅಳಿಸುವ ಕಾರ್ಯ ನಡೆಯಿತು. ಅದರ ಕಾರಣದ ವಿಷಯದಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಆದರೆ ಅದರ ಕ್ರೌರ್ಯ ಸ್ಪಷ್ಟವಾಗಿದೆ. ಹೆಸರೂ ರೂಪವೂ ಉಳಿದಿದ್ದರೇ ಸತ್ತವರಿಗೆ ಪರದಲ್ಲಿ ಬಾಳುಂಟೆಂಬುದು ಆ ಜನರ ನಂಬಿಕೆ. ಮೃತರನ್ನು ಕಾಯುವ ದೇವರ ಕಣ್ಣೆದುರಿನಲ್ಲಿಯೇ ಮೃತಳೊಬ್ಬಳ ಬಾಳಿಗೆ ಉಳಿಯ ಪೆಟ್ಟು ಬಿದ್ದಿತು.

ಆದರೂ ಆ ಕೆಲಸ ಪೂರ್ತಿಯಾಗಲಿಲ್ಲ. 1829ರಲ್ಲಿ, ಚಿತ್ರಲಿಪಿಯ ರಹಸ್ಯವನ್ನು ಬಿಡಿಸಿದ ಶಾಂಪೋಲಿಯನ್ ಪಂಡಿತನು ಈ ದೇವಾಲಯದ ಶಾಸನಗಳನ್ನು ಓದುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡನು. ಚಿತ್ರದಲ್ಲಿ ಗಡ್ಡ ತೊಟ್ಟ ರಾಜ. ಬರಹದಲ್ಲಿ ಸ್ತ್ರೀಲಿಂಗದ ಪ್ರತ್ಯಯಗಳು! ಮುಂದೆ ವಿದ್ವಾಂಸರು ಆಕೆಯ ಚರಿತ್ರೆಯನ್ನು ಮರಳಿ ಕಟ್ಟುವುದಕ್ಕೆ ಇಂಥ ಗುರುತುಗಳೇ ಆಧಾರವಾದುವು.

ಇಂದು ಆ ಗುಡಿಯನ್ನು ಹೊಕ್ಕವರು ನೈವೇದ್ಯವನ್ನು ನೋಡಿ, ಬರಿದಾದ ಕಲ್ಲನ್ನು ನೋಡಿ, ಇಲ್ಲಿ ನಿಂತಿದ್ದವರು ಯಾರೆಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಆಕೆಯ ಹೆಸರನ್ನೇ ಹೇಳಬೇಕಾಗುತ್ತದೆ.