ಬದುಕಿನ ಗುರಿಗಳಲ್ಲಿ ಒಂದು ಬೆಟ್ಟವೂ ಇರಲಿ



ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೂ ಬಳಿಕ ನಿಮಗೂ ಉಪದೇಶಿಸುತ್ತಿದ್ದೇವೆ.

ಕಳೆದ ತಿಂಗಳು ನಮ್ಮ ಮದ್ರಸದ ಏಳನೇ ತರಗತಿಯ ಮಕ್ಕಳಿಗೆ, ಬದುಕಿನಲ್ಲಿ ಏನು ಮಾಡಬೇಕೆಂದಿದ್ದೀರಿ ಎಂದು ಚೀಟಿಯಲ್ಲಿ ಬರೆಯಲು ಹೇಳಿದ್ದೆವು. ಡಾಕ್ಟರ್, ಇಂಜಿನಿಯರ್, ದೊಡ್ಡ ಮನೆ, ಉಮ್ರಾ ಎಂದೆಲ್ಲ ಬರೆದರು. ಒಬ್ಬಳು ಮಾತ್ರ, ‘ಅಬ್ಬನ ಜೊತೆ ಮುಳ್ಳಯ್ಯನಗಿರಿ ಹತ್ತಬೇಕು’ ಎಂದು ಬರೆದಿದ್ದಳು. ಅದು 1,900 ಮೀಟರಿಗೂ ಮಿಕ್ಕಿದ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಅವಳ ಅಬ್ಬ ಗಲ್ಫ್‌ನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ಬಂದರೆ ಮದುವೆ, ಮನೆ ರಿಪೇರಿ, ಬ್ಯಾಂಕ್ ಎನ್ನುವಷ್ಟರಲ್ಲಿ ರಜೆ ಮುಗಿಯುತ್ತದೆ. ಚೀಟಿ ಓದಿ ನಗು ಬಂತು, ಆದರೆ ನಗಲಾಗಲಿಲ್ಲ. ಊರಲ್ಲೇ ಇರುವ ನಾವೂ ನಮ್ಮ ಮಕ್ಕಳನ್ನು ಎಲ್ಲಿಗೂ ಕರೆದೊಯ್ದಿರಲಿಲ್ಲ.

ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಪ್ರವಾದಿ(ಸ) ಮಕ್ಕಾದವರ ಕುರಿಗಳನ್ನು ಮೇಯಿಸಿದವರು. ದಿವ್ಯವಾಣಿ ಮೊದಲು ಅವತೀರ್ಣವಾದದ್ದೂ ಬೆಟ್ಟದ ಮೇಲಿನ ಹಿರಾ ಗುಹೆಯಲ್ಲಿ. ಒಂದು ಪ್ರಯಾಣದಲ್ಲಿ ಅವರು ಸಂಗಡಿಗರನ್ನು ಮುಂದೆ ಕಳುಹಿಸಿ, ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದರು. ಅಂದು ಗೆದ್ದವರು ಆಯಿಶಾ(ರ). ಕೆಲಕಾಲದ ಬಳಿಕ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದರು. ಅಷ್ಟು ದೊಡ್ಡ ಹೊಣೆ ಹೊತ್ತವರಿಗೆ ಮನೆಯವರೊಂದಿಗೆ ಬಯಲಲ್ಲಿ ಓಡಲು ಸಮಯವಿತ್ತು. ನಮಗೇಕೆ ಇಲ್ಲ?

ಇಬ್ನ್ ಬತೂತಾ 1325ರಲ್ಲಿ, 21ನೇ ವಯಸ್ಸಿನಲ್ಲಿ, ಮೊರಾಕ್ಕೋದ ಊರು ಬಿಟ್ಟದ್ದು ಹಜ್ಜ್‌ಗಾಗಿ. ಆ ಗುರಿಯ ದಾರಿಯೇ ಅವರಿಗೆ ಲೋಕವನ್ನು ತೋರಿಸಿತು. ನಮ್ಮ ಹೊನ್ನಾವರ, ಮಂಗಳೂರಿನವರೆಗೂ ಕರೆತಂದಿತು. ಗುರಿಗೂ ಸಂಚಾರಕ್ಕೂ ವೈರವಿಲ್ಲ.

ಆದರೆ ಸಾಹಸಕ್ಕೂ ಮಿತಿಯಿದೆ. ಮಳೆಗಾಲದಲ್ಲಿ ತುಂಬಿದ ಹೊಳೆಗೆ ಈಜಲಿಳಿದ ಯುವಕನೊಬ್ಬನ ಜನಾಝಾ ನಮಾಝಿಗೆ ನಾವು ಇಮಾಮ್ ನಿಂತಿದ್ದೇವೆ. ಅವನ ತಂದೆ ಮೊದಲ ಸಫ್ಫಿನಲ್ಲಿದ್ದರು. ಯುವಕರೇ, ಪ್ರಾಣ ಅಲ್ಲಾಹನ ಅಮಾನತ್ತು. ಎಚ್ಚರಿಕೆಯ ಫಲಕ ಕಂಡಲ್ಲಿ ನೀರಿಗಿಳಿಯಬೇಡಿ. ಜಾರುವ ಬಂಡೆಯ ಮೇಲೆ ಸೆಲ್ಫಿ ಬೇಡ. ಮನೆಯವರಿಗೆ ತಿಳಿಸಿ ಹೋಗಿ. ದಾರಿಯಿಂದ ತೊಂದರೆ ನೀಗಿಸುವುದು ಈಮಾನಿನ ಭಾಗವಾಗಿರುವಾಗ, ನಮ್ಮ ಪ್ಲಾಸ್ಟಿಕ್ಕನ್ನು ಕಾಡಿನಲ್ಲಿ ಬಿಟ್ಟು ಬರುವುದು ಹೇಗೆ? ನಮಾಝ್ ತಪ್ಪದಿರಲಿ. ನಿಗದಿತ ದೂರ ಮೀರಿದ ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳನ್ನು ಎರಡಾಗಿ ನಿರ್ವಹಿಸುವ ರಿಯಾಯಿತಿಯಿದೆ.

ಆ ಚೀಟಿಯ ವಿಷಯವನ್ನು ಹುಡುಗಿಯ ಅಬ್ಬನಿಗೆ ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ಈ ಸಲ ಇನ್‌ಶಾ ಅಲ್ಲಾಹ್, ಉಸ್ತಾದ್’ ಎಂದರು. ಯಾವ ದಿನ ಎಂದು ಕೇಳಿದೆವು. ಇನ್‌ಶಾ ಅಲ್ಲಾಹ್ ಎಂಬುದು ಕೆಲಸವನ್ನು ಮುಂದೂಡುವ ಮಾತಲ್ಲ. ದಿನ ನಿಶ್ಚಯಿಸಿ, ಸಿದ್ಧತೆ ಮಾಡಿ, ಫಲವನ್ನು ಅಲ್ಲಾಹನಿಗೆ ಒಪ್ಪಿಸುವ ಮಾತು. ಅವರು ಲೆಕ್ಕ ಹಾಕಿ ಒಂದು ಶನಿವಾರವನ್ನು ಹೇಳಿದರು.

ನೀವೂ ಇಂದು ಮನೆಗೆ ಹೋಗಿ ಮಕ್ಕಳನ್ನೂ ಮಡದಿಯನ್ನೂ ಕೇಳಿ ನೋಡಿ.

ತನ್ನ ಸೃಷ್ಟಿಯನ್ನು ಕಂಡು ತನ್ನನ್ನು ಸ್ಮರಿಸುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ, ಹೋದವರನ್ನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.