ಹಳೆಯ ಅಣುವನ್ನು ಅಳಿಸುವ ಬಗೆ

ಬೆಳಿಗ್ಗೆ ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ಘಾಟು ಮಧ್ಯಾಹ್ನವೂ ಮನೆಯಲ್ಲೇ ಸುಳಿಯುತ್ತಿದ್ದರೆ, ಈಗ ಒಲೆಯ ಮೇಲೆ ಏನಿದೆಯೆಂದು ಮೂಗಿಗೆ ತಿಳಿಯುವುದಿಲ್ಲ. ಅಣುಗಳ ಮೂಲಕ ಸಂದೇಶ ಕಳಿಸಹೊರಟ ಎಂಜಿನಿಯರುಗಳ ತಲೆನೋವೂ ಇದೇ. ನೀವು ಈಗ ಕೇಳುತ್ತಿರುವ ರೇಡಿಯೋ ಅಲೆ ಬಂದು ಹೋಗಿಬಿಡುತ್ತದೆ. ಅಣು ಹಾಗಲ್ಲ, ಬಂದಲ್ಲೇ ಠಿಕಾಣಿ ಹೂಡುತ್ತದೆ. ಹಿಂದಿನ ಅಕ್ಷರ ಮುಂದಿನದರೊಳಗೆ ಸೇರಿ ಸಂದೇಶ ಕಲಸುಮೇಲೋಗರವಾಗುತ್ತದೆ.

ದೇಹ ಇದಕ್ಕೆ ಎಂದೋ ದಾರಿ ಕಂಡುಕೊಂಡಿತ್ತು. ವಿಜ್ಞಾನಿ ಒಟ್ಟೋ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಅವರು ವೇಗಸ್ ನರವನ್ನು ಕೆರಳಿಸಿ ಕಪ್ಪೆಯ ಹೃದಯದ ಬಡಿತವನ್ನು ತಗ್ಗಿಸಿದರು. ಅದರೊಳಗಿನ ಲವಣದ್ರಾವಣವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ತಗ್ಗಿತು. ಸಂದೇಶ ದ್ರವದಲ್ಲೇ ಇತ್ತು! ಆ ವಸ್ತು ಅಸಿಟೈಲ್‌ಕೋಲಿನ್. ನನಗೆ ಇದಕ್ಕಿಂತ ಮುಖ್ಯವೆನಿಸುವುದು 1926ರ ಕೆಲಸ. ಆ ವಸ್ತುವನ್ನು ಹೃದಯವೇ ಒಡೆದುಹಾಕುತ್ತದೆ, ಎಸೆರಿನ್ ಎಂಬ ವಿಷ ಆ ಒಡೆಯುವಿಕೆಯನ್ನು ತಡೆಯುತ್ತದೆ ಎಂದು ಲೋವಿ ಮತ್ತು ನವ್ರಾಟಿಲ್ ತೋರಿಸಿದರು. ಅಂದರೆ ಅಳಿಸುವ ಕೆಲಸಕ್ಕೂ ದೇಹದಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ.

ಪತಂಗಗಳದ್ದೂ ಅದೇ ಜಾಣತನ. ಅಮೆರಿಕದ ಕಾಡುರೇಷ್ಮೆ ಪತಂಗ ಪಾಲಿಫೀಮಸ್‌ನ ಗಂಡಿನ ಮೀಸೆಯಲ್ಲಿರುವ, ವಾಸನೆಯ ಅಣುವನ್ನು ಒಡೆಯುವ ಕಿಣ್ವವನ್ನು ವೋಗ್ಟ್ ಮತ್ತು ಸಂಗಡಿಗರು 1985ರಲ್ಲಿ ಅಳೆದರು. ಹೆಣ್ಣಿನ ವಾಸನೆಯ ಅಣುಗಳಲ್ಲಿ ಅರ್ಧದಷ್ಟು ಸುಮಾರು 15 ಮಿಲಿಸೆಕೆಂಡಿನಲ್ಲೇ ನಾಶವಾಗುತ್ತವೆ ಎಂಬುದು ಅವರ ಅಂದಾಜು. ಹಾರುತ್ತಾ ದಾರಿ ಹುಡುಕುವ ಪತಂಗಕ್ಕೆ ಹಳೆಯ ವಾಸನೆ ಕಟ್ಟಿಕೊಂಡು ಏನಾಗಬೇಕು?

ಎಂಜಿನಿಯರುಗಳು ಈ ಅಂಗಳಕ್ಕಿಳಿದದ್ದು ತಡವಾಗಿ. 2005ರಲ್ಲಿ ತತ್ಸುಯಾ ಸುಡಾ ಮತ್ತಿತರರು ನ್ಯಾನೋಯಂತ್ರಗಳೆಂಬ ಅತಿಸೂಕ್ಷ್ಮ ಯಂತ್ರಗಳ ನಡುವಿನ ಅಣುಸಂವಹನದ ರೂಪರೇಖೆ ಹಾಕಿದರು. 2013ರಲ್ಲಿ ಫರ್ಸಾದ್, ಗುವೋ, ಎಕ್‌ಫರ್ಡ್ ಮೇಜಿನ ಮೇಲೆ ಒಂದು ಸ್ಪ್ರೇ, ಫ್ಯಾನು, ಆಲ್ಕೊಹಾಲ್ ಸೆನ್ಸರ್ ಇಟ್ಟು ‘ಓ ಕೆನಡಾ’ ಎಂಬ ಪದಗಳನ್ನು ಕಳಿಸಿಯೇಬಿಟ್ಟರು. ಸಿಂಪಡಿಸಿದರೆ 1, ಸುಮ್ಮನಿದ್ದರೆ 0. ಆದರೆ ಹಿಂದಿನ ಆವಿ ಚದುರುವವರೆಗೆ ಕಾಯಬೇಕು. ಅವಸರ ಮಾಡಿದರೆ ಸೊನ್ನೆಯೂ ಒಂದಾಗಿ ಕಾಣುತ್ತದೆ.

ಕಾಯುವುದನ್ನು ಬಿಟ್ಟು ಅಳಿಸೋಣ ಎಂದದ್ದು 2014ರಲ್ಲಿ ನೋಯೆಲ್, ಚ್ಯೂಂಗ್, ಶೋಬರ್. ಸುತ್ತಲಿನ ದ್ರವದಲ್ಲಿ ಕಿಣ್ವ ಬೆರೆಸಿದರೆ ಉಳಿಕೆ ಅಣುಗಳು ಒಡೆದುಹೋಗುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದರು. ಕಿಣ್ವಕ್ಕೆ ಹಳತು ಹೊಸತೆಂಬ ಭೇದವಿಲ್ಲ. ಹೆಚ್ಚಾದರೆ ಬೇಕಾದ ಅಣುವೂ ದಾರಿಯಲ್ಲೇ ಸಾಯುತ್ತದೆ. ಮುಂದೆ ಫರ್ಸಾದ್ ಮತ್ತು ಆಂಡ್ರಿಯಾ ಗೋಲ್ಡ್‌ಸ್ಮಿತ್ ಆಮ್ಲ, ಪ್ರತ್ಯಾಮ್ಲಗಳನ್ನು ಬಳಸಿದರು: ಒಂದನ್ನು ಕಳಿಸಿದರೆ ಇನ್ನೊಂದರ ಉಳಿಕೆ ತಾನಾಗಿ ಸವೆಯುತ್ತದೆ. ಇದು ನನಗೆ ಬಹಳ ಹಿಡಿಸಿದ ಉಪಾಯ. ಆದರೆ ಎರಡೂ ಒಂದನ್ನೊಂದು ತಿನ್ನುವಾಗ ಗಣಿತ ಜಟಿಲವಾಗುತ್ತದೆ. ಹಾಗಾಗಿ ಸಂಕೇತ ಓದುವ ಕೆಲಸವನ್ನು ಅವರು ನ್ಯೂರಲ್ ನೆಟ್‌ವರ್ಕಿಗೆ ಕಲಿಸಿದರು.